ನಿನ್ನ ಸಂಚಿಯಲ್ಲಿದ್ದ ನನ್ನ ಗುಳಿಗೆ

ಅವ್ವಾ,

ನಿನ್ನ ಮಗ ಮಲ್ಲಪ್ಪ ಬರೆಯುತ್ತಿದ್ದೇನೆ. ನಿನಗೆ ಅಕ್ಷರ ಬರುತ್ತಿರಲಿಲ್ಲ, ಅದಕ್ಕೇ ಬರೆದದ್ದನ್ನು ಬಾಯಿಬಿಟ್ಟು ಓದಿಕೊಳ್ಳುತ್ತ ಬರೆಯುತ್ತಿದ್ದೇನೆ. ನೀನು ಕಥೆ ಹೇಳುವಾಗ ನಾವು ಹೂಂ ಅನ್ನುವುದು ಮರೆತರೆ ಅಲ್ಲಿಗೇ ನಿಲ್ಲಿಸಿಬಿಡುತ್ತಿದ್ದೆ. "ಕೇಳಾವ್ರು ಇಲ್ಲಂದ್ರ ಗ್ವಾಡಿಗೆ ಹೇಳ್ಲೇನು?" ಅನ್ನುತ್ತಿದ್ದೆ. ಈಗ ನಾನು ಗೋಡೆಗೇ ಹೇಳುತ್ತಿದ್ದೇನೆ, ನಿನ್ನ ಫೋಟೋ ಇರುವ ಗೋಡೆಗೆ. ನಡುನಡುವೆ ಹೂಂ ಅನ್ನು. ನಿನ್ನ ಹೆಸರಿಗೆ ನಾನು ಹಚ್ಚಿದ ಒಂದು ಸುಳ್ಳಿನ ಮಾತಿದೆ, ಅದನ್ನು ಕೊನೆಯವರೆಗೂ ಕೇಳಬೇಕು.

ನಾವಿಬ್ಬರೂ ಮೊದಲ ಸಲ ಕೊಲ್ಹಾಪುರಕ್ಕೆ ಹೋದ ದಿನ ನೆನಪಿದೆಯೇ? ಅದಕ್ಕೂ ಮುಂಚೆ ಒಂದು ತಿಂಗಳು ನಾನು ನಮ್ಮ ಇಚಲಕರಂಜಿಯ ಲೂಮ್ ಶೆಡ್ಡಿಗೆ ಹೋಗುತ್ತಿದ್ದೆ, ಮಗ್ಗ ದುರಸ್ತಿಯ ಪಾನಾ ಕೈಯಲ್ಲಿ ಹಿಡಿದು ನಿಲ್ಲುತ್ತಿದ್ದೆ, ಯಾವ ಬೋಲ್ಟು ಬಿಗಿ ಮಾಡಬೇಕೆಂದು ತಿಳಿಯುತ್ತಿರಲಿಲ್ಲ. ಜ್ವರವಿಲ್ಲ, ಗಾಯವಿಲ್ಲ, ಮನೆಯಲ್ಲಿ ಜಗಳವಿಲ್ಲ. ಆದರೂ ಬೆಳಿಗ್ಗೆ ಎದ್ದು ಕೂರುವುದಕ್ಕೇ ಎದೆ ನಡುಗುತ್ತಿತ್ತು. ಸುವರ್ಣಾ ನನ್ನ ಹೆಂಡತಿ, ಒಂದೇ ಹಾಸಿಗೆಯಲ್ಲಿ ಮಲಗುವವಳು, ಅವಳಿಗೆ ಗೊತ್ತಾಗಲಿಲ್ಲ. ನಿನಗೆ ಗೊತ್ತಾಯಿತು. "ನನ್ನ ಮೊಳಕಾಲು ತೋರಸ್ಬೇಕು, ಇವನ್ನ ಕರ್ಕೊಂಡು ಹೋಗ್ತೀನಿ" ಎಂದು ಹೇಳಿ ಬಸ್ಸು ಹತ್ತಿಸಿದೆ. ಮನಸ್ಸಿನ ಡಾಕ್ಟರರ ದವಾಖಾನೆಯ ಬೆಂಚಿನ ಮೇಲೆ ಕೂತೂ ಪಕ್ಕದವರಿಗೆ ಮೊಳಕಾಲಿನ ಕಥೆಯನ್ನೇ ಹೇಳುತ್ತಿದ್ದೆಯಲ್ಲ. ಅವರು ಪಾಪ, ಮೊಳಕಾಲಿಗೂ ಮನಸ್ಸಿಗೂ ಏನು ಸಂಬಂಧ ಎಂದು ಕೇಳಲಾರದೆ ತಲೆಯಾಡಿಸುತ್ತಿದ್ದರು.

ಊರಿಗೆ ಮರಳಿದ ಮೇಲೆ ಗುಳಿಗೆಗಳನ್ನೂ ಡಾಕ್ಟರರ ಚೀಟಿಯನ್ನೂ ನೀನು ನಿನ್ನ ಎಲೆ ಅಡಿಕೆಯ ಸಂಚಿಯಲ್ಲಿ ಇಟ್ಟುಕೊಂಡೆ. ಆ ಸಂಚಿಗೆ ಕೈ ಹಾಕುವ ಧೈರ್ಯ ಮನೆಯಲ್ಲಿ ಯಾರಿಗಿತ್ತು? ದಿನಾ ಬೆಳಿಗ್ಗೆ ನಾನು ಸೈಕಲ್ ಮೋಟಾರು ಶುರು ಮಾಡುವಾಗ ನೀನು ಬಾಗಿಲಿಗೆ ಬರುತ್ತಿದ್ದೆ. "ಲವಂಗ ತಗೊಂಡು ಹೋಗೊ, ಶೆಡ್ಡಿನ್ಯಾಗ ಹತ್ತಿ ಧೂಳಾ, ಗಂಟಲಾ ಕಟ್ಟತೈತಿ" ಎಂದು ಅಂಗೈಯಲ್ಲಿ ಇಡುತ್ತಿದ್ದೆ. ಲವಂಗದ ಕೆಳಗೆ ಗುಳಿಗೆ. ಎರಡೂ ಬಾಯಿಗೆ ಹಾಕಿಕೊಂಡು ನಾನು ಹೊರಡುತ್ತಿದ್ದೆ. ಪ್ರತಿಸಲ ಕೊಲ್ಹಾಪುರಕ್ಕೆ ಹೋಗಿ ಬಂದಾಗ ನೀನು ಸಂಚಿಯ ಲಾಡಿಗೆ ಒಂದು ಗಂಟು ಹಾಕುತ್ತಿದ್ದೆ. ಒಟ್ಟು ಏಳು ಗಂಟು ಬಿದ್ದಿದ್ದವು. ಮೂರನೆಯ ಗಂಟಿನ ಹೊತ್ತಿಗೆ ನಾನು ಟೀ ಹೊತ್ತಿನಲ್ಲಿ ನೇಕಾರರಿಗೆ ಮತ್ತೆ ಕಥೆ ಹೇಳಲು ಶುರು ಮಾಡಿದ್ದೆ. ಎಲ್ಲವೂ ಸರಿಯಾಗಿತ್ತು, ಒಂದನ್ನು ಬಿಟ್ಟು. ನೀನು ಹೋದರೆ ಮುಂದೆ ಹೇಗೆ ಎಂದು ನಾವಿಬ್ಬರೂ ಯಾವತ್ತೂ...

ನೀನು ಹೋದದ್ದೂ ಹೇಗೆ? ಮಧ್ಯಾಹ್ನ ಉಂಡು, ಗೋಡೆಗೆ ಒರಗಿ, ಎಲೆಗೆ ಸುಣ್ಣ ಹಚ್ಚುತ್ತ ಕೂತವಳು ಹಾಗೇ ಕೂತಿದ್ದೆ. ಸುವರ್ಣಾ ಎರಡು ಸಲ ಕರೆದಳಂತೆ. ನಿನ್ನನ್ನು ಮಣ್ಣು ಮಾಡಿದ ಮೂರನೆಯ ದಿನ ಗಡಹಿಂಗ್ಲಜದ ಶಾಂತಕ್ಕ ಜಮಖಾನೆಯ ನಡುವೆ ಕೂತು ಸಂಚಿ ಬಿಚ್ಚಿದಳು. ತಾಯಿಯ ಸಂಚಿ ಮಗಳಿಗೇ ಸೇರಬೇಕಲ್ಲ. ಅಡಿಕೆ ಬಂತು, ಅಡಕತ್ತರಿ ಬಂತು, ಸುಣ್ಣದ ಡಬ್ಬಿ ಬಂತು, ಆಮೇಲೆ ಗುಳಿಗೆಯ ಪಟ್ಟಿ ಬಂತು.

"ಅವ್ವ ಬಿ.ಪಿ. ಗುಳಿಗಿ ಗ್ವಾಡ್ಯಾನ ಮಾಡದಾಗ ಇಡತಿದ್ಲು. ಇವು ಯಾವು?" ಎಂದಳು ಅಕ್ಕ.

ಅವಳ ಗಂಡ, ನಮ್ಮ ಮಾವ, ಪಟ್ಟಿಯ ಹೆಸರನ್ನು ಫೋನಿನಲ್ಲಿ ಹಾಕಿ ನೋಡಿದ. ಕನ್ನಡಕ ತೆಗೆದು ಒರೆಸಿಕೊಂಡ. "ಇವು ಮನಸ್ಸಿಗೆ ಭಾಳ ಬ್ಯಾಸರಕಿ ಆದವ್ರಿಗೆ ಕೊಡೂ ಗುಳಿಗಿ ಅದಾವ" ಎಂದ.

ಚಿಕ್ಕವ್ವ ಸೆರಗು ಬಾಯಿಗಿಟ್ಟಳು. "ಅಯ್ಯ ನಮ್ಮವ್ವಾ, ಊರಮಂದಿನ್ನೆಲ್ಲಾ ನಗಸಾಕಿ, ಒಳಗ ಇಷ್ಟು ಇಟ್ಕೊಂಡಿದ್ಲೇನ?" ಇಡೀ ಮನೆ ಎರಡನೆಯ ಸಲ ಅತ್ತಿತು. ನಾನು ಬಾಯಿ ತೆರೆದೆ ಅವ್ವಾ, ಆಣೆ ಮಾಡಿ ಹೇಳುತ್ತೇನೆ, ತೆರೆದೆ. ಅಷ್ಟರಲ್ಲಿ ಮಾವ, "ಹುಡುಗೂರು ಓಡಾಡೂ ಮನಿ, ಇವನ್ನ ಇಲ್ಲಿ ಇಡಬ್ಯಾಡ್ರಿ" ಎಂದು ಪಟ್ಟಿಯನ್ನೂ ಅದರೊಡನೆ ಮಡಿಚಿಟ್ಟಿದ್ದ ಚೀಟಿಯನ್ನೂ, ಬಿಚ್ಚಿ ಹೆಸರು ನೋಡದೆ, ಜೇಬಿಗೆ ಹಾಕಿಕೊಂಡ. ನಾನು ತೆರೆದ ಬಾಯಿಯಿಂದ ಹೇಳಿದ್ದು ಇಷ್ಟೇ: "ಛಾ ಮಾಡ್ಲೇನು ಎಲ್ಲಾರಿಗೂ?"

ಮರುದಿನ ಬೆಳಿಗ್ಗೆ ಬಾಗಿಲಲ್ಲಿ ಸುವರ್ಣಾ ನಿಂತಿದ್ದಳು. "ಅತ್ತಿಯಾರು ದಿನಾ ಕೊಡ್ತಿದ್ರಲ್ಲ, ಅದನ್ಯಾಕ ತಪ್ಪಸೋದು" ಎಂದು ನನ್ನ ಅಂಗೈಯಲ್ಲಿ ಒಂದು ಲವಂಗ ಇಟ್ಟಳು. ನಾನು ಅದನ್ನು ಎತ್ತಿ ಕೆಳಗೆ ನೋಡಿದೆ. ಅಂಗೈ ಖಾಲಿಯಿತ್ತು.

ನೀನು ಹೋದ ಐದನೆಯ ದಿನವೋ ಆರನೆಯ ದಿನವೋ, ಕೈ ತೊಳೆದು ಟವೆಲಿನ ಕಡೆ ಕಣ್ಣು ತಿರುಗಿಸಿದಾಗ ತಲೆಯೊಳಗೆ ಚಟ್ ಎಂದಿತು. ಸಡಿಲವಾದ ಸ್ವಿಚ್ಚಿನಲ್ಲಿ ಕಿಡಿ ಹಾರುತ್ತದಲ್ಲ, ಹಾಗೆ. ಮತ್ತೆ ತಿರುಗಿಸಿದೆ, ಮತ್ತೆ ಚಟ್. ಅಂದಿನಿಂದ ಎಡಕ್ಕೆ ನೋಡಬೇಕಾದರೆ ಇಡೀ ಮೈಯನ್ನೇ ತಿರುಗಿಸತೊಡಗಿದೆ. ನೆಲ ತೇಲುತ್ತಿತ್ತು. ಅನ್ನದ ವಾಸನೆಗೇ ತಟ್ಟೆ ಸರಿಸಿ ಏಳುತ್ತಿದ್ದೆ, ಕೂತಲ್ಲೇ ಬೆನ್ನು ಬೆವರುತ್ತಿತ್ತು. ಬೆಳಿಗ್ಗೆ ಏಳುವಾಗ ಕನಸುಗಳು ಎಷ್ಟು ಗಟ್ಟಿಯಾಗಿರುತ್ತಿದ್ದವೆಂದರೆ, ಯಾವುದು ನಡೆದದ್ದು ಯಾವುದು ನಡೆಯದ್ದು ಎಂದು ವಿಂಗಡಿಸಲು ಟೀ ಮುಗಿಯುವತನಕ ಬೇಕಾಗುತ್ತಿತ್ತು. ರಸ್ತೆಯಲ್ಲಿ ಕುಂಟುತ್ತ ಹೋದ ನಾಯಿಯನ್ನು ನೋಡಿ ಅಳು ಬಂತು, ನಿನ್ನ ದಿನಕಾರ್ಯದ ಗಣಾರಾಧನೆಯಲ್ಲಿ ಬರಲಿಲ್ಲ. ಹಳೆಯ ಕಾಯಿಲೆಯೇ ತಿರುಗಿ ಬಂತೇ? ಗುಳಿಗೆ ತಪ್ಪಿದ್ದಕ್ಕೆ ಹೀಗೆಯೇ? ಅಥವಾ ತಲೆಯ ನರವೇ ಏನಾದರೂ... ಯಾರನ್ನು ಕೇಳಲಿ? ಕೇಳುತ್ತಿದ್ದವಳು ನೀನು.

ಕೊಲ್ಹಾಪುರಕ್ಕೆ ಒಬ್ಬನೇ ಹೋಗಿಬರಬಹುದಿತ್ತಲ್ಲ ಎಂದು ನೀನು ಕೇಳಬಹುದು. ಎರಡು ಸಲ ಹೊರಟೆ. ಒಂದು ಸಲ ಸ್ಟ್ಯಾಂಡಿನತನಕ ಹೋಗಿ ಬಂದೆ. ಈಗ ಯಾರ ಮೊಳಕಾಲಿನ ನೆಪ ಹೇಳಲಿ? ಅದೇ ಗುಳಿಗೆ ನನ್ನ ಜೇಬಿನಲ್ಲಿ ಸಿಕ್ಕರೆ, ನಿನ್ನ ಮೇಲೆ ಅತ್ತವರೆಲ್ಲ ನನ್ನ ಮುಖ ನೋಡುತ್ತಾರೆ. ಹೀಗೇ ತಡೆದುಕೊಂಡರೆ ಹೋಗಿಬಿಡುತ್ತದೆ, ಸುಮ್ಮನಿದ್ದದ್ದಕ್ಕೆ ಇದು ನನಗೆ ತಕ್ಕದ್ದೇ, ಎಂದೂ ಅನ್ನಿಸುತ್ತಿತ್ತು. ಗಂಡಸು ಹೀಗೆಲ್ಲ ಯೋಚಿಸಿ ತನ್ನನ್ನೇ ಜಾಣನೆಂದುಕೊಳ್ಳುತ್ತಾನೆ ನೋಡು.

ಒಂದು ಬೆಳಿಗ್ಗೆ ಸ್ನಾನ ಮಾಡುತ್ತಿದ್ದೆ. ಹೊರಗೆ ಸುವರ್ಣಾ ನಿನ್ನ ಫೋಟೋಕ್ಕೆ ವಿಭೂತಿ ಹಚ್ಚುತ್ತ ಮಾತಾಡುತ್ತಿದ್ದಳು. "ಅತ್ತಿ, ಅವತ್ತು ಆ ಕಥಿ ಸಾಕು ಮಾಡ್ರಿ, ಕುಕ್ಕರ್ ಸೀಟಿ ಕೇಳವಲ್ದು ಅಂದಿದ್ನಲ್ಲ. ಸಿಟ್ಟಿಲೆ ಅಂದಿದ್ದಿಲ್ಲ. ಅದನ್ನ ಮನಸ್ಸಿಗೆ ಹಚ್ಕೊಂಡಿದ್ರೇನು? ನನ್ನಿಂದನ ಆ ಗುಳಿಗಿ ತಗೊಳೂ ಹಂಗ ಆತೇನು?" ನಾನು ತಂಬಿಗೆ ಹಿಡಿದು ನಿಂತೆ. ನೀರು ಹಾಕಿಕೊಂಡರೆ ಕೇಳಿಸುತ್ತದೆಂದು ಹಾಕಿಕೊಳ್ಳಲಿಲ್ಲ. ಅವಳು ದಿನಾ ಇದನ್ನು ಕೇಳುತ್ತಿದ್ದಳೇ? ಲವಂಗ ಕೊಡುವುದೂ ಇದಕ್ಕೇ ಏನು? ಕುಕ್ಕರಿನ ಮಾತಿಗೆ ನೀನು ನಕ್ಕು, "ಸೀಟಿ ಎಣಿಸು, ನಾ ಕಥ್ಯಾಗಿನ ರಾಜಾನ್ನ ಅಲ್ಲೇ ನಿಂದರಸ್ತೀನಿ" ಎಂದಿದ್ದೆ. ಅದನ್ನು ಅವಳಿಗೆ ನೆನಪು ಮಾಡಿಕೊಡಬಹುದಿತ್ತು. ಮಾಡಿಕೊಟ್ಟರೆ, ಹಾಗಾದರೆ ಗುಳಿಗೆ ಏಕೆ ಎಂಬ ಪ್ರಶ್ನೆ ಬರುತ್ತದೆ.

ಅದೇ ದಿನ ಶೆಡ್ಡಿನಲ್ಲಿ ನೇಕಾರ ಸರ್ಜೇರಾವನ ಲೂಮಿನ ಪಟ್ಟಾ ನೋಡಲು ಬಗ್ಗಿದೆ. ಇಪ್ಪತ್ತು ವರ್ಷ ಲೂಮು ದುರಸ್ತಿಯ ಜಾಬರ್ ಕೆಲಸ ಮಾಡಿದವನು ನಾನು, ಮೊದಲು ಸ್ವಿಚ್ಚು ಆರಿಸಬೇಕೆಂದು ಊರಿಗೆಲ್ಲ ಕಲಿಸಿದವನು. ತಲೆ ತಿರುಗಿಸಿದೆ, ಚಟ್ ಎಂದಿತು, ಲೂಮು ನಿಂತಿದೆ ಎಂದುಕೊಂಡು ಕೈ ಒಳಗೆ ಹಾಕಿದೆ. ಸರ್ಜೇರಾವ ಕಾಲರು ಹಿಡಿದು ಹಿಂದಕ್ಕೆಳೆದ. ಅಂಗಿಯ ತೋಳು ಮಾತ್ರ ಹೋಯಿತು.

"ಕಾಯ ಝಾಲಂ, ಮಲ್ಲೂದಾ?" ಏನಾಯಿತು ಎಂದು ಕೇಳಿದ. ಕೈ ಉಳಿಸಿದವನಿಗೆ ನಾನು ಬಾಯಿಗೆ ಬಂದಂತೆ ಬೈದೆ. ಅವನು ಕೇಳಿಸಿಕೊಂಡ. ಆಮೇಲೆ ನೀರಿನ ಬಾಟಲಿ ಕೊಟ್ಟು ತನ್ನ ಮುರುಕು ಕನ್ನಡದಲ್ಲಿ, "ನಿಮ್ಮ ಆಯಿ ಇದ್ರ ಈ ಬೈಗುಳಾ ಇನ್ನೂ ಚಲೋ ಬೈತಿದ್ಲು" ಎಂದ. ನಾನು ನೂಲಿನ ಮೂಟೆಯ ಮೇಲೆ ಕೂತು ಕೈ ನೋಡಿಕೊಂಡೆ. ಐದು ಬೆರಳೂ ಇದ್ದವು.

ನಿನ್ನ ತಿಂಗಳ ಪೂಜೆಗೆ ಗಡಹಿಂಗ್ಲಜಕ್ಕೆ, ಅಕ್ಕನ ಮನೆಗೆ ಹೋದೆವು. ಕಾಗಲ್ ದಾಟುವುದರೊಳಗೆ ಬಸ್ಸಿನ ಪ್ರತಿ ತಿರುವಿಗೂ ತಲೆಯಲ್ಲಿ ಚಟ್ ಚಟ್. ಕಣ್ಣು ಮುಚ್ಚಿ ಕೂತೆ. ಪಕ್ಕದಲ್ಲಿ ಸುವರ್ಣಾ, "ಅತ್ತಿ ನೆನಪಾತೇನ್ರಿ?" ಎಂದಳು. ಹೂಂ ಎಂದೆ. ಅದೂ ಸುಳ್ಳಲ್ಲ, ಆದರೆ...

ಮಧ್ಯಾಹ್ನ ಉಂಡಾದ ಮೇಲೆ ಶಾಂತಕ್ಕನ ಪಡಸಾಲೆಯಲ್ಲಿ ಎಲ್ಲರೂ ಕೂತಿದ್ದರು. ಅಕ್ಕ ನಿನ್ನ ಸಂಚಿ ಬಿಚ್ಚಿ ಎಲೆ ತೆಗೆಯುತ್ತಿದ್ದಳು. "ಲಾಡ್ಯಾಗ ಈ ಗಂಟು ಯಾಕ ಹಾಕ್ಯಾಳೋ, ಪಾಪ, ಒಂದೊಂದು ದುಃಖಕ್ಕ ಒಂದೊಂದು ಇರಬೇಕು" ಎಂದಳು. ಆಮೇಲೆ ನನ್ನ ಕಡೆ ನೋಡಿ, "ಅವ್ವನಂಗ ಒಂದು ಕಥಿಯರ ಹೇಳೊ, ಬಾಯಿ ಹೊಲ್ಕೊಂಡವ್ರಂಗ ಕುಂತೀಯಲ್ಲ" ಎಂದಳು.

ನೇರವಾಗಿ ಹೇಳುವ ಧೈರ್ಯ ಇರಲಿಲ್ಲ. ಕಥೆ ಹೇಳುವ ಧೈರ್ಯ ಇತ್ತು, ಅದನ್ನು ನೀನೇ ಕೊಟ್ಟದ್ದು.

"ಒಂದೂರಾಗ ಒಬ್ಬಾಕಿ ಮುದುಕಿ ಇದ್ಲು" ಎಂದೆ.

"ಹೂಂ" ಎಂದಳು ಸುವರ್ಣಾ. ಈಗೀಗ ಹೂಂ ಅನ್ನುವವಳು ಅವಳೇ.

"ಆಕೀಗೊಬ್ಬ ಮಗ ಇದ್ದ. ಒಂದಿನ ಮಗಗ ಎದ್ದು ಕುಂಡ್ರಾಕ ಆಗವಲ್ದಂಗ ಆತು. ಜ್ವರ ಇಲ್ಲ, ಗಾಯ ಇಲ್ಲ."

"ಹೂಂ."

"ಮುದುಕಿ ಮಗನ್ನ ಡಾಕ್ಟರ್ ಹಂತ್ಯಾಕ ಕರ್ಕೊಂಡು ಹೋದ್ಲು. ಮಂದಿ ನಗಬಾರ್ದಂತ, ಸೊಸೀಗೂ ಹೇಳದ, ನನ್ನ ಮೊಳಕಾಲು ತೋರಸಾಕ ಹೊಂಟೀನಿ ಅಂದ್ಲು."

ಹೂಂ ಬರಲಿಲ್ಲ. ನಾನು ನೆಲ ನೋಡುತ್ತ ಮುಂದುವರಿಸಿದೆ. "ಗುಳಿಗಿ ಸಂಚ್ಯಾಗ ಇಟ್ಲು. ದಿನಾ ಮುಂಜಾನೆ ಮಗನ ಕೈಯಾಗ ಲವಂಗದ ತಳಗ..."

"ಇದು ಕಥಿ ಅಲ್ರಿ" ಎಂದಳು ಸುವರ್ಣಾ. ದನಿ ಬಹಳ ಸಣ್ಣದಿತ್ತು.

"ಅಲ್ಲ" ಎಂದೆ.

ಶಾಂತಕ್ಕನಿಗೆ ಅರ್ಥವಾಗಲು ಇನ್ನೂ ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಎಲೆಯನ್ನು ತಟ್ಟೆಗೆ ಎಸೆದಳು. "ಮೂಳಾ, ನಮ್ಮವ್ವಗ ಬ್ಯಾಸರಕಿ ಇತ್ತಂತ ಇಡೀ ಗಲ್ಲಿಗೆ ಹೇಳಿ ಬಂದೀನಿ. ಸಾಲ್ಯಾಗಿನ ಟೀಚರ್ ಬಾಯಾರು ಅತ್ತಾರ. ಈಗ ಅವರಿಗೇನ ಹೇಳ್ಲಿ, ಅಳೂದು ವಾಪಸ್ ತಗೋರಿ ಅನ್ಲೇನು?" ಬೈಯುತ್ತ ಬೈಯುತ್ತ ನನ್ನ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿಕೊಂಡಳು. ಮಾವ ಮಾತ್ರ ಬಿಳುಚಿಕೊಂಡಿದ್ದ. "ನಾ ಅವನ್ನ ಒಗದುಬಿಟ್ನಲ್ಲೋ. ಒಂದು ಮಾತು ಅನಬಾರ್ದಾ?" ಎಂದು ಮೂರು ಸಲ ಕೇಳಿದ.

ಸುವರ್ಣಾ ಏನೂ ಅನ್ನಲಿಲ್ಲ. ಬಸ್ಸು ಹತ್ತಿದಾಗಲೂ ಇಲ್ಲ, ನಿಪ್ಪಾಣಿ ದಾಟಿದಾಗಲೂ ಇಲ್ಲ. ಬೈದರೆ ತಡೆದುಕೊಳ್ಳಬಹುದಿತ್ತು. ಇಷ್ಟು ದಿನ ಪಕ್ಕದಲ್ಲಿದ್ದು ನನ್ನನ್ನು ಹೊರಗಿಟ್ಟಿರಾ ಎಂದು ಅವಳು ಕೇಳುವ ಗಳಿಗೆಗಾಗಿ ನಾನು ಸೀಟಿನ ಕಂಬಿ ಹಿಡಿದು ಕಾಯುತ್ತಿದ್ದೆ. ಕೊಲ್ಹಾಪುರದ ಸ್ಟ್ಯಾಂಡಿನಲ್ಲಿ ಇಚಲಕರಂಜಿಯ ಬಸ್ಸು ನಿಂತಿತ್ತು. ಅವಳು ಅದರ ಕಡೆ ಹೋಗಲಿಲ್ಲ.

"ಡಾಕ್ಟರ್ ಎಲ್ಲಿ ಅದಾರ?" ಎಂದಳು.

"ನಾಳಿ ಹೋಗೂಣು."

"ಇವತ್ತ."

ಸಂಜೆಯ ದವಾಖಾನೆ ತೆರೆದಿತ್ತು. ಡಾಕ್ಟರಬಾಯಿ ನನ್ನನ್ನು ನೋಡಿ, ನನ್ನ ಹಿಂದೆ ನೋಡಿ, "ಆಯೀ ಕುಠಂ ಆಹೇತ?" ಎಂದರು. ಅವ್ವ ಎಲ್ಲಿ ಎಂದು. ಆಗ ಬಂತು ನೋಡು ಅಳು, ನಿನ್ನ ಸಲುವಾಗಿ, ನಾಯಿಯ ಸಲುವಾಗಿ ಅಲ್ಲ. ಅವರು ಕಾಯ್ದರು. ಎಲ್ಲ ಕೇಳಿದ ಮೇಲೆ, "ಅಸಂ ಏಕದಮ್ ಬಂದ ಕರಾಯಚಂ ನಸತಂ" ಎಂದರು. ಹೀಗೆ ಒಮ್ಮೆಲೇ ನಿಲ್ಲಿಸಬಾರದು ಎಂದು. ತಲೆಯೊಳಗಿನ ಆ ಕಿಡಿ, ತೇಲುವ ನೆಲ, ಆ ಕನಸು, ಎಲ್ಲಕ್ಕೂ ಗುಳಿಗೆ ಹಠಾತ್ತಾಗಿ ತಪ್ಪಿದ್ದು ಕಾರಣವಿರಬಹುದು. ಹಳೆಯ ಕಾಯಿಲೆಯೂ ಸ್ವಲ್ಪ ತಲೆ ಎತ್ತಿರಬಹುದು, ನೋಡೋಣ. ಹುಚ್ಚು ಹಿಡಿಯುತ್ತಿಲ್ಲ. ಮತ್ತೆ ಸಣ್ಣ ಗುಳಿಗೆಯಿಂದ ಶುರು ಮಾಡೋಣ, ಬಿಡುವ ಕಾಲ ಬಂದಾಗ ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪವೇ ಇಳಿಸೋಣ, ನನ್ನನ್ನು ಕೇಳದೆ ಬಿಡಬೇಡಿ ಎಂದರು. ನಮ್ಮಲ್ಲಿ ಲೂಮು ಗಕ್ಕನೆ ನಿಂತು ಮತ್ತೆ ಶುರುವಾದ ಕಡೆ ಬಟ್ಟೆಗೆ ಗೆರೆ ಬೀಳುತ್ತದೆ ಡಾಕ್ಟರಬಾಯಿ, ಅದಕ್ಕೇ ಕೈಯಿಂದ ಸ್ವಲ್ಪ ಹಿಂದಕ್ಕೆ ತಿರುಗಿಸಿ ಶುರು ಮಾಡುತ್ತೇವೆ ಎಂದೆ. "ಇಷ್ಟು ಗೊತ್ತಿದ್ದೂ?" ಎಂದರು. ಸುವರ್ಣಾ ಆಗ ಮೊದಲ ಸಲ ನಕ್ಕಳು, ನನ್ನ ಮೇಲೆ.

ನಿನ್ನೆ ಶಾಂತಕ್ಕ ಬಂದಿದ್ದಳು. ಗಂಟಿನ ಲೆಕ್ಕವನ್ನು ನನ್ನಿಂದ ಕೇಳಿ ತಿಳಿದಿದ್ದಳು, ಸಂಚಿಯ ಲಾಡಿ ತಂದಿದ್ದಳು. "ಸಂಚಿ ಕೊಡೂದಿಲ್ಲ, ಅದು ನಂದು. ಲಾಡಿ ನಿಂದು, ತಗೋ" ಎಂದಳು. ಸುವರ್ಣಾ ಅದರಲ್ಲಿ ಎಂಟನೆಯ ಗಂಟು ಹಾಕಿದಳು, ನಿನ್ನದಕ್ಕಿಂತ ದಪ್ಪ ಬಂತು. ಗಲ್ಲಿಗೆ ಅಕ್ಕ ನಿಜ ಹೇಳಿದ್ದಾಳಂತೆ. ಅರ್ಧ ಜನ ನಂಬಿಲ್ಲವಂತೆ, ಮಗ ತಾಯಿಯ ಹೆಸರು ಉಳಿಸಲು ತನ್ನ ಮೇಲೆ ಹಾಕಿಕೊಂಡಿದ್ದಾನೆ ಎನ್ನುತ್ತಾರಂತೆ. ಏನು ಮಾಡಲಿ ಹೇಳು?

ನಾನು ಪೂರ್ತಿ ಸರಿಹೋಗಿದ್ದೇನೆ ಎಂದು ನಿನಗೆ ಸುಳ್ಳು ಹೇಳುವುದಿಲ್ಲ. ಚಟ್ ಅನ್ನುವುದು ಕಡಿಮೆಯಾಗಿದೆ. ಆದರೂ ತಲೆ ತಿರುಗಿಸುವ ಮೊದಲು ಒಂದು ಗಳಿಗೆ ಕಿವಿಗೊಟ್ಟು ಕಾಯುತ್ತೇನೆ. ಜೇಬಿನಲ್ಲಿ ಪಟ್ಟಿ ಇದೆಯೋ ಇಲ್ಲವೋ ಎಂದು ಶೆಡ್ಡಿಗೆ ಹೋಗುವುದರೊಳಗೆ ಎರಡು ಸಲ ಮುಟ್ಟಿ ನೋಡುತ್ತೇನೆ. ಮಾತು ಕೊಡುವುದು ಇಷ್ಟೇ: ತಗೊಂಡರೂ ಹೇಳಿಯೇ ತಗೊಳ್ಳುತ್ತೇನೆ, ಬಿಟ್ಟರೂ ಹೇಳಿಯೇ ಬಿಡುತ್ತೇನೆ.

ಇನ್ನೊಂದು ಸುದ್ದಿ. ಸುವರ್ಣಾ ಈಗ ನಿನ್ನ ಫೋಟೋದ ಮುಂದೆ ತಪ್ಪು ಕೇಳುವುದಿಲ್ಲ, ಜಗಳಕ್ಕೆ ನಿಲ್ಲುತ್ತಾಳೆ. ಇವತ್ತು ಬೆಳಿಗ್ಗೆ ವಿಭೂತಿ ಹಚ್ಚಿ, ಸೊಂಟಕ್ಕೆ ಕೈ ಇಟ್ಟು, "ನನಗರ ಹೇಳಬೇಕಿತ್ತಿಲ್ಲ ಅತ್ತಿ? ನಾ ಏನ್ ಹೊರಗಿನಾಕೀನಾ?" ಎಂದು ಕೇಳಿದಳು. ನಾನು ಬಾಗಿಲಲ್ಲಿ ನಿಂತಿದ್ದೆ. ತಿರುಗಿ ಬಂದು ನನ್ನ ಅಂಗೈಯಲ್ಲಿ ಲವಂಗ ಇಟ್ಟಳು, ಅದರ ಪಕ್ಕದಲ್ಲಿ, ಕೆಳಗಲ್ಲ, ಗುಳಿಗೆ ಇಟ್ಟಳು. ನುಂಗುವತನಕ ನೋಡುತ್ತ ನಿಂತಳು.

ಅವಳ ಪ್ರಶ್ನೆ ನನಗಲ್ಲ ಅವ್ವಾ. ಅದನ್ನು ಕೇಳಿದ್ದು ನಿನ್ನನ್ನು. ಕೊನೆಗೆ ಒಂದು ಹೂಂ ಆದರೂ ಅನ್ನು.

ನಿನ್ನ,
ಮಲ್ಲು