ನಾನು ತೊಳೆದ ಬಾಟಲಿಗಳು

ಮಾನ್ಯ ಜಲಾನಯನ ಅಧಿಕಾರಿಗಳೇ,

ನಾನು ನಿಮಗೆ ಬರೆದುಕೊಟ್ಟ ಅಂಕಿಗಳು ಸುಳ್ಳು. ಇದನ್ನು ಮೂರು ಸಲ ಪತ್ರ ಬರೆದು ತಿಳಿಸಿದ್ದೇನೆ, ಒಮ್ಮೆ ನಿಮ್ಮ ಕಚೇರಿಯ ಬೆಂಚಿನ ಮೇಲೆ ಬೆಳಗಿನಿಂದ ಸಂಜೆಯವರೆಗೆ ಕೂತು ಬಾಯಾರೆ ಹೇಳಿಯೂ ಬಂದಿದ್ದೇನೆ. ಆದರೂ ನಮ್ಮ ಹೊಳೆಯ ಮೆಟ್ಟಿಲ ಪಕ್ಕದಲ್ಲಿ ನೀವು ನೆಟ್ಟ ಹಸಿರು ಫಲಕ ಇವತ್ತಿಗೂ ನಿಂತಿದೆ: ‘ಈ ನೀರು ಕುಡಿಯಲು ಯೋಗ್ಯ. ನದಿ ಮಿತ್ರರ ಸಹಭಾಗಿತ್ವದಲ್ಲಿ ಪರೀಕ್ಷಿಸಲಾಗಿದೆ.’ ಆ ನದಿ ಮಿತ್ರ ಎಂಬ ಪ್ರಾಣಿ ನಾನೇ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವರ ಕಥೆ ಎಲ್ಲರಿಗೂ ಗೊತ್ತು. ಕುಂಬಳಕಾಯಿಯನ್ನು ಹೊತ್ತುಕೊಂಡೇ ಬಾಗಿಲಿಗೆ ಬಂದವನನ್ನು, ‘ಕಳ್ಳತನ ನಡೆದ ಬಗ್ಗೆ ನಮ್ಮಲ್ಲಿ ದಾಖಲೆಯಿಲ್ಲ, ಹೋಗಿ ಬನ್ನಿ’ ಎಂದು ಕಳಿಸುವ ಕಚೇರಿಯನ್ನು ಮಾತ್ರ ನಾನು ಈ ವಯಸ್ಸಿನಲ್ಲಿ ಕಂಡೆ.

ನಾನು ಕ್ಷೌರಿಕ. ಹೊಳೆಗೆ ಇಳಿಯುವ ಬೀದಿಯ ತಿರುವಿನಲ್ಲಿ ಎರಡು ಕುರ್ಚಿಯ ಅಂಗಡಿ ಇಟ್ಟು ಮೂವತ್ತನಾಲ್ಕು ವರ್ಷವಾಯಿತು. ನಿಮ್ಮ ಇಲಾಖೆಯವರು ಶಾಲೆಯ ಹಾಲ್‌ನಲ್ಲಿ ಸಭೆ ಕರೆದು, ‘ನದಿ ಸರ್ಕಾರದ್ದಲ್ಲ, ನಿಮ್ಮದು; ನೀವು ಕೈ ಜೋಡಿಸಿದರೆ ಮಾತ್ರ ಉಳಿಯುತ್ತದೆ’ ಎಂದು ಭಾಷಣ ಮಾಡಿದಾಗ ಮೊದಲು ಕೈ ಎತ್ತಿದವನು ನಾನು. ವ್ಯಂಗ್ಯವಾಗಿ ಹೇಳುತ್ತಿಲ್ಲ, ಆ ದಿನ ನಿಜವಾಗಿಯೂ ಎದೆ ಉಬ್ಬಿತ್ತು. ಬೀದಿಯವರೆಲ್ಲ ಸೇರಿ ದಂಡೆಯ ಕಸ ಎತ್ತಿದೆವು, ಮಣ್ಣು ಕುಸಿಯುವ ಕಡೆ ಗಿಡ ನೆಟ್ಟೆವು, ದನದ ಕೊಟ್ಟಿಗೆಯ ಗಂಜಲ ನೀರಿಗೆ ಇಳಿಯದಂತೆ ಕಾಲುವೆ ತಿರುಗಿಸಿದೆವು. ಉಳಿದದ್ದು ಮೇಲಿನ ತಿರುವಿನಲ್ಲಿ ಹೊಳೆಗೆ ಬೀಳುವ ದೊಡ್ಡ ಚರಂಡಿ ಒಂದೇ. ಅದನ್ನು ತಿರುಗಿಸುವುದು ನಮ್ಮ ಗುದ್ದಲಿಗೆ ಆಗುವ ಕೆಲಸವಲ್ಲ, ಅದು ನಿಮ್ಮ ಪಾಲಿನ ಕೆಲಸ ಎಂದು ಒಪ್ಪಂದದಲ್ಲೇ ಬರೆದಿತ್ತು.

ನನ್ನ ಪಾಲಿಗೆ ಬಂದದ್ದು ಪರೀಕ್ಷೆ. ವಾರಕ್ಕೊಮ್ಮೆ ಪುಟ್ಟ ಬಾಟಲಿಯಲ್ಲಿ ಗೆರೆಯವರೆಗೆ ಹೊಳೆನೀರು ತುಂಬಿ, ನೀವು ಕೊಟ್ಟ ಪುಡಿ ಹಾಕಿ, ನೆರಳಿನಲ್ಲಿ ಎರಡು ದಿನ ಇಡುವುದು. ನೀರು ಕಪ್ಪಾದರೆ ಅದರಲ್ಲಿ ರೋಗದ ಕ್ರಿಮಿ ಇದೆ, ಬಣ್ಣ ಬದಲಾಗದಿದ್ದರೆ ಇಲ್ಲ. ಮೊದಲ ಹದಿನಾರು ವಾರ ನೀವು ಪ್ರತಿಸಲವೂ ಹೊಸ ಬಾಟಲಿ ಕೊಟ್ಟಿರಿ. ಹದಿನಾಲ್ಕು ಸಲ ನೀರು ಕಪ್ಪಾಯಿತು. ಆಮೇಲೆ ಪುಡಿ ಮಾತ್ರ ಬಂತು, ಬಾಟಲಿ ಬರುವುದು ನಿಂತಿತು. ಫೋನ್ ಮಾಡಿ ಕೇಳಿದೆ. ನಿಮ್ಮ ಕಚೇರಿಯ ಮಹಾನುಭಾವರೊಬ್ಬರು, ಚೆನ್ನಾಗಿ ತೊಳೆದು ಮತ್ತೆ ಬಳಸಿ, ಅದರಲ್ಲೇನಿದೆ, ಅಂದರು.

ಸ್ವಾಮಿ, ಒಬ್ಬ ಕ್ಷೌರಿಕನಿಗೆ ‘ಚೆನ್ನಾಗಿ ತೊಳೆ’ ಎಂದರೆ ಅವನು ಏನು ಮಾಡುತ್ತಾನೆ? ಕತ್ತಿ, ಕತ್ತರಿ, ಬಾಚಣಿಗೆಗಳನ್ನು ಹೇಗೆ ತೊಳೆಯುತ್ತಾನೋ ಹಾಗೆಯೇ ತೊಳೆಯುತ್ತಾನೆ. ನನ್ನ ಕನ್ನಡಿಯ ಕೆಳಗೆ ಒಂದು ತಟ್ಟೆಯಲ್ಲಿ ಸದಾ ಔಷಧಿ ನೀರು ಇರುತ್ತದೆ. ಬಾಟಲಿಗಳನ್ನು ಅದರಲ್ಲಿ ಮುಳುಗಿಸಿ, ಕೊಡವಿ, ಹಾಗೇ ಒಯ್ದು ಹೊಳೆನೀರು ತುಂಬಿದೆ. ಮತ್ತೆ ಬರೀ ನೀರಿನಲ್ಲಿ ತೊಳೆಯಲಿಲ್ಲ. ಶುದ್ಧ ಮಾಡಿದ್ದಕ್ಕೆ ಪುನಃ ನಲ್ಲಿ ನೀರು ಸೋಕಿಸಿದರೆ ಮೈಲಿಗೆಯಲ್ಲವೇ ಎಂಬುದು ನನ್ನ ಜಾಣತನ. ಬಾಟಲಿಯೊಳಗೆ ಉಳಿದ ಔಷಧಿ, ಹೊಳೆನೀರು ಬೀಳುತ್ತಲೇ ಅದರ ಕ್ರಿಮಿಗಳನ್ನು ಕೊಂದು ಹಾಕುತ್ತಿತ್ತು. ತೊಂಬತ್ತೊಂದು ವಾರ ನಾನು ಪರೀಕ್ಷಿಸಿದ್ದು ಹೊಳೆಯನ್ನಲ್ಲ, ನನ್ನ ಅಂಗಡಿಯ ತಟ್ಟೆಯನ್ನು.

ತೊಂಬತ್ತೊಂದು ವಾರವೂ ನೀರು ತಿಳಿಯಾಗಿಯೇ ಇತ್ತು. ನನ್ನದು ದಡ್ಡತನ, ಒಪ್ಪಿದೆ. ನಿಮ್ಮದೇನು? ಹದಿನಾರನೇ ವಾರ ಕಾಡಿಗೆಯಂತಿದ್ದ ಹೊಳೆ ಹದಿನೇಳನೇ ವಾರ ಸ್ನಾನ ಮಾಡಿ ಬಂದು ನಿಂತದ್ದು ಹೇಗೆ ಎಂದು ನಿಮ್ಮಲ್ಲಿ ಓದಿದವರೊಬ್ಬರಿಗೂ ಅನ್ನಿಸಲಿಲ್ಲವೇ? ಮಳೆಗಾಲದ ಕೆಂಪು ನೀರಿನಲ್ಲೂ ಒಂದೇ ಒಂದು ಬಾಟಲಿ ಕಪ್ಪಾಗಲಿಲ್ಲವಲ್ಲ, ಒಬ್ಬರಾದರೂ ಬಂದು ನೋಡಬಾರದಿತ್ತೇ? ಬಂದಿರಿ, ಬರಲಿಲ್ಲವೆಂದಲ್ಲ. ಫಲಕ ನೆಡಲು ಬಂದಿರಿ, ಫೋಟೋ ತೆಗೆಯಲು ಬಂದಿರಿ. ನೀರು ಶುದ್ಧವಾಗಿರುವುದರಿಂದ ಚರಂಡಿ ತಿರುಗಿಸುವ ಕಾಮಗಾರಿಯ ಅಗತ್ಯವಿಲ್ಲ ಎಂದು ಕಡತ ಮುಚ್ಚಿದಿರಿ. ಸುಳ್ಳು ನಿಮಗೂ ಅನುಕೂಲವಾಗಿತ್ತು.

ಈಗ ನನ್ನ ಅಕ್ಕನ ವಿಷಯಕ್ಕೆ ಬರುತ್ತೇನೆ. ಇಷ್ಟು ಹೊತ್ತು ಸುತ್ತಿ ಬಳಸಿ ಮಾತಾಡಿದ್ದು ಇಲ್ಲಿಗೆ ಬರಲು ಧೈರ್ಯವಿಲ್ಲದೆ.

ಅಕ್ಕನ ಮನೆ ಮೆಟ್ಟಿಲಿಗೆ ಹತ್ತಿರ. ನಲ್ಲಿ ಬಾರದ ದಿನ ಹೊಳೆನೀರೇ. ತಾಯಿ ಹೋದ ಮೇಲೆ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು, ಜೀವಮಾನದಲ್ಲಿ ಕಾಸದ ನೀರು ಕುಡಿದವಳಲ್ಲ, ಯಾರಿಗೂ ಕೊಟ್ಟವಳೂ ಅಲ್ಲ. ಒಲೆಯ ಮೇಲೆ ಅವಳದೊಂದು ನೀರಿನ ಪಾತ್ರೆ ಯಾವಾಗಲೂ ಕುದಿಯುತ್ತಿರಬೇಕು. ಕೈ ನಡುಗಲು ಶುರುವಾದ ಮೇಲೆ ಆ ಪಾತ್ರೆ ಇಳಿಸುವಾಗ ಎರಡು ಸಲ ಕಾಲು ಸುಟ್ಟುಕೊಂಡಳು. ಗಾಯಕ್ಕೆ ಮುಲಾಮು ಹಚ್ಚುತ್ತಾ ನಾನೇ ಹೇಳಿದೆ: “ಇನ್ನು ಕಾಸೋದು ಬಿಡಕ್ಕಾ. ನೀರು ಚೆನ್ನಾಗಿದೆ, ನಾನೇ ನೋಡಿದ್ದೀನಿ.”

ಅವಳು ನಕ್ಕು, “ನೀನು ಹೇಳಿದ ಮೇಲೆ ಮುಗೀತಲ್ಲ, ನಂಗೆ ಇನ್ಯಾರ ಮಾತು ಬೇಕು?” ಅಂದಳು.

ಮುಂದಿನ ಮಳೆಗಾಲದಲ್ಲಿ ಅವಳಿಗೆ ಜ್ವರ ಬಂತು. ನೀರಿನಿಂದ ಬಂದದ್ದು ಎಂದು ಆಸ್ಪತ್ರೆಯಲ್ಲಿ ಹೇಳಿದರು. ನಾನು ಆ ಡಾಕ್ಟರ ಜೊತೆ ಜಗಳವಾಡಿದೆ, ಸ್ವಾಮಿ. ನಮ್ಮ ಹೊಳೆಗೆ ಫಲಕವಿದೆ, ಬೇಕಾದರೆ ಬಂದು ನೋಡಿ ಎಂದೆ. ಹನ್ನೊಂದನೇ ದಿನ ಅಕ್ಕ ಹೋದಳು. ಕೊನೆಯವರೆಗೂ ಅವಳು ನನ್ನನ್ನು ಒಂದು ಮಾತು ಅನ್ನಲಿಲ್ಲ, ಬಾಯಾರಿಕೆ ಎಂದಳು ಅಷ್ಟೆ. ನಾನು ಮನೆಯಿಂದ ತಂದಿದ್ದ ನೀರನ್ನೇ ಚಮಚದಲ್ಲಿ ಕುಡಿಸಿದೆ. ಅದೂ ಹೊಳೆಯದೇ.

ಅವಳು ಹೋದ ಒಂದೂವರೆ ತಿಂಗಳಿಗೆ, ಆಸ್ಪತ್ರೆಯ ಪ್ರಯೋಗಾಲಯದಲ್ಲಿದ್ದು ನಿವೃತ್ತರಾದವರೊಬ್ಬರು ತಲೆಕೂದಲು ಕತ್ತರಿಸಿಕೊಳ್ಳಲು ಬಂದರು. ಕುರ್ಚಿಯಲ್ಲಿ ಕೂತವರು ತಟ್ಟೆಯಲ್ಲಿ ಕತ್ತಿಯ ಪಕ್ಕ ಮುಳುಗಿದ್ದ ಬಾಟಲಿ ನೋಡಿ, ಇದೇನೆಂದು ಕೇಳಿದರು. ನಾನು ಹೆಮ್ಮೆಯಿಂದ ವಿವರಿಸಿದೆ. ಅವರು ಬಾಟಲಿಯನ್ನು ಎತ್ತಿ ಮೂಸಿ ನೋಡಿದರು. ಆಮೇಲೆ ಮೆಲ್ಲಗೆ, “ಅದರೊಳಗೆ ಯಾವ ಹುಳ ಬದುಕುತ್ತಪ್ಪಾ?” ಅಂದರು. ನೀವು ಮೊದಲು ಕಳಿಸಿದ್ದ ಡಬ್ಬಿಯ ತಳದಲ್ಲಿ, ನನ್ನ ಕಣ್ಣಿಗೆ ಬೀಳದೆ, ಬಳಸದ ಹೊಸ ಬಾಟಲಿ ಒಂದು ಉಳಿದಿತ್ತು. ಅದರಲ್ಲಿ ನೀರು ತಂದಿಟ್ಟೆ. ಮಾರನೇ ದಿನ ಅಂಗಡಿ ಬಾಗಿಲು ತೆಗೆಯುವಷ್ಟರಲ್ಲಿ ಕಪ್ಪಗಾಗಿತ್ತು. ನಾನು ಬಾಗಿಲು ಅರ್ಧ ಎಳೆದುಕೊಂಡು ನೆಲದ ಕೂದಲ ಮೇಲೇ ಕೂತು ಅತ್ತೆ.

ಅಂದಿನಿಂದ ಕನ್ನಡಿಯ ಮುಂದೆ ನಿಲ್ಲುವುದು ಕಷ್ಟವಾಗಿದೆ. ಗಿರಾಕಿಯ ತಲೆಯ ಹಿಂದೆ ಗೋಡೆಯ ಬೆಂಚು ಕಾಣುತ್ತದೆ. ಮಧ್ಯಾಹ್ನದ ಹೊತ್ತು ಅಕ್ಕ ಅಲ್ಲಿ ಕೂತು, ಬಂದ ಗಂಡಸರನ್ನೆಲ್ಲ, ‘ಇರೋ ನಾಲ್ಕು ಕೂದಲಿಗೆ ಎಷ್ಟು ಸಲ ಬರ್ತೀರಪ್ಪಾ’ ಎಂದು ಗೋಳು ಹೊಯ್ದುಕೊಳ್ಳುತ್ತಿದ್ದಳು. ಈಗ ನಾನು ನೀರು ಚಿಮುಕಿಸಿದಾಗಲೆಲ್ಲ ಆ ಬೆಂಚಿನ ಕಡೆಯಿಂದ ಯಾರೋ, ಚೆನ್ನಾಗಿದೆಯೇನೋ ನೀರು, ಎಂದು ಕೇಳಿದಂತಾಗುತ್ತದೆ. ಸಿಟ್ಟಿಲ್ಲದೆ ಕೇಳುತ್ತಾಳೆ, ಅದನ್ನೇ ತಡೆಯಲಾಗುವುದಿಲ್ಲ. ಕತ್ತಿ ಹಿಡಿದ ಕೈ ನಿಲ್ಲುತ್ತದೆ. ಕುತ್ತಿಗೆ ಚಾಚಿಕೊಂಡು ಕೂತವರು ಪಾಪ ಏನೂ ಅರಿಯದೆ ಕಣ್ಣು ಬಿಡುತ್ತಾರೆ. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರಲ್ಲ, ನಾನು ಮಾಡಿದ್ದನ್ನು ಅವಳು ಉಂಡು ಹೋದಳು.

ನನಗೆ ಸಮಾಧಾನ ಬೇಡ, ಆದರೆ ಉತ್ತರ ಬೇಕಿತ್ತು. ನಿಮ್ಮಿಂದ ಬಂದ ಉತ್ತರ ಇಲ್ಲೇ ಮುಂದಿದೆ. ಅನುಮೋದನೆಗೊಂಡ ಅಂಕಿಅಂಶಗಳನ್ನು ಬದಲಿಸಲು ಅವಕಾಶವಿರುವುದಿಲ್ಲವಂತೆ. ನನ್ನ ಅನಿಸಿಕೆಯನ್ನು ಗಮನಿಸಲಾಗಿದೆಯಂತೆ. ಅದೇ ಹಾಳೆಯ ಎರಡನೇ ಪ್ಯಾರಾದಲ್ಲಿ, ನನ್ನ ಸೇವೆಯನ್ನು ಮೆಚ್ಚಿ ಈ ಸಾಲಿನ ಅತ್ಯುತ್ತಮ ನದಿ ಮಿತ್ರನೆಂದು ನನ್ನನ್ನೇ ಆರಿಸಲಾಗಿದೆಯಂತೆ! ತಿಪ್ಪೆ ಸಾರಿಸುವುದನ್ನು ನೋಡಿದ್ದೇನೆ, ಸಾರಿಸಿದ ಮೇಲೆ ರಂಗೋಲಿ ಹಾಕುವುದನ್ನು ನಿಮ್ಮಿಂದ ಕಲಿತೆ. ಫಲಕದ ಮೇಲೆ ‘ಕಾಸಿ ಕುಡಿಯಿರಿ’ ಎಂದು ನಾನೇ ಬರೆದು ಅಂಟಿಸಿದ ಕಾಗದವನ್ನು ಕಿತ್ತುಹಾಕಿಸಿ, ಸಾರ್ವಜನಿಕ ಆಸ್ತಿ ವಿರೂಪಗೊಳಿಸಿದೆನೆಂದು ನೋಟಿಸು ಕೊಟ್ಟಿರಿ. ನೂರೇಳು ವಾರದ ಸಹಭಾಗಿತ್ವದಲ್ಲಿ ನೀವು ನನಗೆ ಕೊಟ್ಟ ಅತಿ ಚುರುಕಾದ ಉತ್ತರ ಅದು.

ಹಾಗಾಗಿ ಈಗ ದಿನಾ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ಮೆಟ್ಟಿಲ ಬಳಿ ನಿಲ್ಲುತ್ತೇನೆ. ಕೊಡ ತಂದವರಿಗೆಲ್ಲ ಕಾಸಿ ಕುಡಿಯಿರಿ ಅನ್ನುತ್ತೇನೆ. ಅಕ್ಕ ಹೋದ ಮೇಲೆ ನನಗೆ ತಲೆ ಕೆಟ್ಟಿದೆ ಎಂದು ಕೆಲವರು ಮಾತಾಡಿಕೊಳ್ಳುವುದು ನನಗೂ ಕೇಳಿಸುತ್ತದೆ.

ನಿಮ್ಮಿಂದ ನನಗೆ ಬೇಕಾದದ್ದು ಇಷ್ಟೇ. ನನ್ನ ತೊಂಬತ್ತೊಂದು ವಾರದ ಅಂಕಿಗಳನ್ನು ರದ್ದು ಮಾಡಿ, ತಪ್ಪು ಕ್ಷೌರಿಕನದು ಎಂದು ಬೇಕಾದರೆ ದಪ್ಪಕ್ಷರದಲ್ಲಿ ಬರೆದುಕೊಳ್ಳಿ, ನಾನು ಸಹಿ ಹಾಕುತ್ತೇನೆ. ಹೊಸ ಬಾಟಲಿ ಕಳಿಸಿ. ಚರಂಡಿಯ ಮುಚ್ಚಿದ ಕಡತ ತೆರೆಯಿರಿ. ಇವೆಲ್ಲಕ್ಕೂ ಸಮಯ ಬೇಕೆನ್ನುವಿರಾದರೆ ಬೇಡ, ನಾಳೆಯೇ ಒಬ್ಬ ಮನುಷ್ಯನನ್ನು ಕಳಿಸಿ ಆ ಫಲಕ ಕೀಳಿಸಿ.

ಯಾಕೆ ನಾಳೆಯೇ ಎಂದರೆ, ಅಕ್ಕನ ಮನೆಗೆ ಹೊಸ ಬಾಡಿಗೆಯವರು ಬಂದಿದ್ದಾರೆ. ಆ ಮನೆಯ ಹೆಣ್ಣುಮಗಳು ಈಗ ಏಳು ತಿಂಗಳ ಬಸುರಿ. ಇವತ್ತು ಬೆಳಿಗ್ಗೆ ಕೊಡ ಹಿಡಿದು ಬಂದಳು. ಕಾಸಿ ಕುಡಿಯಮ್ಮ ಅಂದೆ. ಅವಳು ಫಲಕ ತೋರಿಸಿದಳು. ಅದು ತಪ್ಪು ತಾಯಿ, ಪರೀಕ್ಷೆ ಮಾಡಿದವನೇ ನಾನು, ಅವರಿಗೂ ಹೇಳಿದ್ದೇನೆ ಅಂದೆ. ಅವಳು ನನ್ನನ್ನೊಮ್ಮೆ, ಫಲಕವನ್ನೊಮ್ಮೆ ನೋಡಿ, “ಅವರಿಗೆ ಗೊತ್ತಿದ್ದರೆ ಇಷ್ಟೊತ್ತಿಗೆ ತೆಗೀತಿದ್ರು ಬಿಡಿ ಅಂಕಲ್” ಅಂದಳು. ಕೊಡ ತುಂಬಿಕೊಂಡು, ಒಂದು ಕೈ ಸೊಂಟಕ್ಕೆ ಕೊಟ್ಟು, ನಿಧಾನವಾಗಿ ಮೆಟ್ಟಿಲು ಹತ್ತಿ ಹೋದಳು.

ಇಂತಿ,
ನೀವು ನಂಬಬಾರದಿದ್ದಾಗ ನಂಬಿದ, ನಂಬಬೇಕಾದಾಗ ನಂಬದ,
ಈ ಸಾಲಿನ ಅತ್ಯುತ್ತಮ ನದಿ ಮಿತ್ರ