ಬೀಗದ ಕೈಯ ಸದ್ದು

ಪ್ರೀತಿಯ ಅಕ್ಕ,

ನೀನು ಇದನ್ನು ಓದುವುದಿಲ್ಲವೆಂದು ಗೊತ್ತಿದ್ದೂ ಬರೆಯುತ್ತಿದ್ದೇನೆ. ಇದ್ದಾಗ ನನಗೆ ಒಂದು ಮಾತನ್ನೂ ಪೂರ್ತಿ ಆಡಲು ಬಿಟ್ಟವಳಲ್ಲ ನೀನು. ನಡುವೆ ಬಾಯಿ ಹಾಕಿ ನನ್ನ ಮಾತನ್ನೂ ನೀನೇ ಮುಗಿಸಿಬಿಡುತ್ತಿದ್ದೆ. ಈಗಲಾದರೂ ಕೊನೆಯವರೆಗೆ ಕೇಳು. ಅಂಗಡಿಯಲ್ಲಿ ಬಟ್ಟೆ ಕತ್ತರಿಸುವ ಮೇಜಿನ ಮೇಲೆ, ಯಾರದೋ ಕೋಟಿನ ತೋಳುಗಳನ್ನು ಪಕ್ಕಕ್ಕೆ ಸರಿಸಿ ಕುಳಿತಿದ್ದೇನೆ. ಹೊಲಿಗೆ ಯಂತ್ರದ ಮೋಟಾರು ಬಿಚ್ಚಿಟ್ಟು ಮತ್ತೆ ಕಾಲಲ್ಲೇ ತುಳಿಯುತ್ತಿದ್ದೇನೆ, ಕರೆಂಟ್ ಬಿಲ್ಲಿಗೆ ಹೆದರಿ. ಮಂಡಿ ನೋವು ಬಂದಿದೆ. ನೀನಿದ್ದಿದ್ದರೆ ಬೈಯುತ್ತಾ ಎಣ್ಣೆ ತಿಕ್ಕುತ್ತಿದ್ದೆ. ನಿನಗೆ ಹೇಳಬೇಕಾದ ಸುದ್ದಿ ಒಂದಿದೆ. ಅದು ಸಂತೋಷದ್ದೋ ದುಃಖದ್ದೋ ನನಗಿನ್ನೂ ಗೊತ್ತಾಗಿಲ್ಲ.

ನಮ್ಮದು ಬಾಗಿಲು ತೆಗೆಯದ ಬೀದಿ. ಇದನ್ನು ನಿನಗೆ ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ. ಹೇಳುತ್ತಾ ಹೋದರೆ ನಿನ್ನ ಜೊತೆ ನಡೆದ ಹಾಗಾಗುತ್ತದೆ. ಬಿಲ್ಲು ಕಟ್ಟದವರ ಕರೆಂಟ್ ಕತ್ತರಿಸಲು ಬರುವವರು ಮೊದಲು ಬಾಗಿಲು ಬಡಿದು ಮನೆಯವರ ಕೈಗೇ ನೋಟಿಸ್ ಕೊಡಬೇಕು. ಬಾಗಿಲು ತೆಗೆಯದಿದ್ದರೆ ಅವರು ಇನ್ನೊಂದು ದಿನ ಬರಬೇಕು. ಈ ಗುಟ್ಟು ತಿಳಿದ ಮೇಲೆ ಎಲ್ಲೇ ಬಡಿತ ಕೇಳಿದರೂ ಸರಿ, ಬೀದಿಯುದ್ದಕ್ಕೂ ಟಿವಿಗಳ ಬಾಯಿ ಮುಚ್ಚುತ್ತಿತ್ತು, ಅಳುವ ಮಗುವಿನ ಬಾಯಿಗೆ ತಾಯಿಯ ಅಂಗೈ ಅಡ್ಡ ಬರುತ್ತಿತ್ತು. ಕೊನೆಯ ಮನೆಯ ಟೀಚರಮ್ಮ ಸೀನು ಬಂದರೆ ದಿಂಬಿನೊಳಗೆ ಮುಖ ಹುದುಗಿಸುತ್ತಿದ್ದರಂತೆ. ಬಿಲ್ಲನ್ನು ತಪ್ಪದೆ ಕಟ್ಟುತ್ತಿದ್ದ ಬೇಕರಿಯವನು ಕೂಡ ಸುಮ್ಮನೆ ಅಭ್ಯಾಸಬಲದಿಂದ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದ.

ಅಂಥ ಬೀದಿಗೆ ಲಸಿಕೆ ಹಾಕುವ ನರ್ಸ್ ಆಗಿ ಬಂದವಳು ನೀನು. ಮೊದಲ ದಿನ ಒಂದು ಬಾಗಿಲೂ ತೆರೆಯಲಿಲ್ಲವೆಂದು ಔಷಧಿಯ ಡಬ್ಬಿ ಹೊತ್ತು ಹಾಗೇ ವಾಪಸ್ ಬಂದು, ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ಮಾರನೆಯ ದಿನ ನಮ್ಮ ಮನೆಯ ಬೀಗದ ಕೈಯಿಂದ ಬಡಿಯಲು ಶುರುಮಾಡಿದೆ. ಎರಡು ಸಲ, ಸ್ವಲ್ಪ ಬಿಡುವು, ಆಮೇಲೆ ಒಂದು ಸಲ. ಬೇರೆ ಯಾರೂ ಹಾಗೆ ಬಡಿಯುವುದಿಲ್ಲ, ಹಾಗೆ ಬಡಿದರೆ ಅದು ನಾನೇ ಅಂತ ಎಲ್ಲರಿಗೂ ಹೇಳಿಟ್ಟೆ. ಕೆಲಸದಿಂದ ಮನೆಗೆ ಬಂದಾಗಲೂ, ಕೈಯಲ್ಲಿ ಬೀಗದ ಕೈ ಇಟ್ಟುಕೊಂಡೇ, ನಮ್ಮ ಬಾಗಿಲನ್ನು ಹಾಗೇ ಬಡಿಯುತ್ತಿದ್ದೆ. ಭಾವ ಎದ್ದು ಬಂದು ತೆಗೆಯಬೇಕು. ಅವರನ್ನು ಯಾಕೆ ಏಳಿಸುತ್ತೀಯೆಂದು ನಾನು ರೇಗಿದರೆ, "ಏಳ್ಲಿ ಬಿಡೇ, ಕೂತೂ ಕೂತೂ ಕುರ್ಚಿಗೇ ಅಂಟ್ಕೊಂಡಾರು" ಅನ್ನುತ್ತಿದ್ದೆ.

ಭಾವ ಬದುಕೆಲ್ಲ ಭೂಮಿ ಕೊರೆಯುವ ಯಂತ್ರದ ಮೇಲೆ ದುಡಿದವರು. ಆ ದೂಳೇ ಅವರ ಎದೆಯಲ್ಲಿ ಮನೆ ಮಾಡಿತು. ಈಗ ಉಸಿರು ಕೊಡುವ ಯಂತ್ರ ಹಗಲೂ ರಾತ್ರಿ ಅವರ ಪಕ್ಕದಲ್ಲಿ ಗೊರಗುಟ್ಟುತ್ತದೆ, ಮೂಗಿಗೆ ಸಣ್ಣ ಕೊಳವೆ. ಅದು ಕರೆಂಟ್ ಕುಡಿಯುವ ರೀತಿ ನೋಡಿದರೆ ಮನೆಯಲ್ಲಿ ಇನ್ನೊಂದು ಸಂಸಾರವಿದೆ ಅನ್ನಬೇಕು. ಆದ್ದರಿಂದ ಕಂಪನಿಯ ಸುದ್ದಿ ಬಂದಾಗ ಎಲ್ಲರಿಗಿಂತ ಮೊದಲು ಸಿಟ್ಟಾದವಳು ನೀನು. ನಮಗೆ ಕರೆಂಟ್ ಮಾರುವ ಕಂಪನಿಯೇ ಬೀದಿಯ ಹಿಂದಿನ ಬಯಲಿನಲ್ಲಿ ಗ್ಯಾಸ್ ಬಾವಿ ಕೊರೆಯುತ್ತದಂತೆ. ಮೊದಲು ಪರೀಕ್ಷೆಗೆ ನೇರವಾಗಿ, ಆಮೇಲೆ ಓರೆಯಾಗಿ ನಮ್ಮ ಮನೆಗಳ ಅಡಿಯಲ್ಲಿ. ಖರ್ಚು ಮಾತ್ರ ನಮ್ಮ ಬಿಲ್ಲಿಗೆ ಸೇರುತ್ತದಂತೆ. "ನಮ್ಮ ಮನೆ ಕೆಳಗೆ ತೂತು ಕೊರೆಯೋಕೆ ನಮ್ಮ ಜೇಬಿಗೇ ತೂತು" ಅಂತ ನೀನು ಹೇಳಿದ್ದು ಬೀದಿಯ ಬಾಯಲ್ಲೆಲ್ಲ ಓಡಾಡಿತು. ಟೌನ್ ಹಾಲಿನಲ್ಲಿ ವಿಚಾರಣೆ ನಡೆಯುತ್ತದೆ, ಮನೆಗೊಂದು ಕೈ, ಅರ್ಧಕ್ಕಿಂತ ಹೆಚ್ಚು ಮನೆಯವರು ಖುದ್ದಾಗಿ ಬಂದು ಬೇಡವೆಂದು ಕೈ ಎತ್ತಿದರೆ ಕೊರೆಯುವುದು ನಿಲ್ಲುತ್ತದೆ ಎಂದು ಪತ್ತೆ ಹಚ್ಚಿದವಳೂ ನೀನೇ. ಬೀಗದ ಕೈ ಹಿಡಿದು ಮತ್ತೆ ಬೀದಿಗಿಳಿದೆ.

ಅಕ್ಕ, ನಿನ್ನ ಸುತ್ತು ಬೇಕರಿಯ ಮೆಟ್ಟಿಲವರೆಗೆ ಬಂದಿತ್ತು. ಅಲ್ಲಿ ಎರಡು ಸಲ ಬಡಿದೆಯಂತೆ. ಬೇಕರಿಯವನು ಮೂರನೆಯ ಬಡಿತಕ್ಕಾಗಿ ಒಳಗೆ ಕಾದು ನಿಂತಿದ್ದನಂತೆ, ಅದು ಬರಲೇ ಇಲ್ಲ ಎಂದು ಇವತ್ತಿಗೂ ಹೇಳುತ್ತಾನೆ. ಬಾಗಿಲು ತೆಗೆಯುವಷ್ಟರಲ್ಲಿ ನಿನ್ನ ಎದೆ ನಿಂತಿತ್ತು. ಬೀಗದ ಕೈಯನ್ನು ನಿನ್ನ ಮುಷ್ಟಿಯಿಂದ ಬಿಡಿಸಿ ತಂದು ನನಗೆ ಕೊಟ್ಟವನೂ ಅವನೇ, ಕೈಗಳಲ್ಲಿ ಹಿಟ್ಟು ಹಾಗೇ ಇತ್ತು. ನಿನ್ನ ಮೇಲೆ ನನಗೆ ದುಃಖಕ್ಕಿಂತ ಮೊದಲು ಬಂದದ್ದು ಕೋಪ. ಅರ್ಧ ಬೀದಿ ಹಾಗೇ ಉಳಿದಿತ್ತು.

ನೀನು ಹೋದ ಮೇಲೆ, ವಿಚಾರಣೆಗೂ ಮೊದಲೇ, ಪರೀಕ್ಷೆಗೆಂದು ಬಯಲಿನಲ್ಲಿ ಕೊರೆಯುವ ಯಂತ್ರ ಎದ್ದಿತು. ಸದ್ದಿನ ವಿಷಯವನ್ನು ಮೊದಲು ತೆಗೆದವರು ಟೀಚರಮ್ಮ, ಬ್ಲೌಸ್ ಸಡಿಲ ಮಾಡಿಸುವ ನೆಪದಲ್ಲಿ ಅಂಗಡಿಗೆ ಬಂದಾಗ. ಅವರಿಗೆ ಸಂಜೆ ಹೊತ್ತು ನಿನ್ನ ಬಡಿತ ಕೇಳಿಸುತ್ತದಂತೆ. ತೆಗೆದರೆ ಹೊರಗೆ ಯಾರೂ ಇಲ್ಲ. ನಾನು ದೆವ್ವಗಿವ್ವ ನಂಬುವ ಪೈಕಿಯಲ್ಲ, ನಿನಗೆ ಗೊತ್ತು. ವಯಸ್ಸಾಯಿತು ಪಾಪ, ಅಂದುಕೊಂಡು ಅಳತೆ ತೆಗೆದು ಕಳಿಸಿದೆ. ಅದೇ ಸಂಜೆ ನಾನು ತರಕಾರಿ ಹೆಚ್ಚುತ್ತಿದ್ದಾಗ ನಮ್ಮ ಗೋಡೆಯಲ್ಲಿ ಕೇಳಿಸಿತು. ಎರಡು ಸಲ. ಬಿಡುವು. ಒಂದು ಸಲ. ಚಾಕು ಕೈಯಲ್ಲೇ ಉಳಿಯಿತು. ಆ ಬಿಡುವು ಇದೆಯಲ್ಲ ಅಕ್ಕ, ಅದು ಥೇಟ್ ನಿನ್ನದೇ. ಒಳಗಿನವರಿಗೆ ಚಪ್ಪಲಿ ಹುಡುಕಲು ಸಮಯ ಕೊಡುವಂಥ ಬಿಡುವು.

ಭಾವ ಆಗಲೇ ಎದ್ದಿದ್ದರು. ಮೂಗಿನ ಕೊಳವೆ ಎಳೆಯುವಷ್ಟು ದೂರ ನಡೆದು, ಆಮೇಲೆ ಅದನ್ನು ತೆಗೆದಿಟ್ಟು, ಗೋಡೆ ಹಿಡಿದುಕೊಂಡು ಹೋಗಿ ಬಾಗಿಲು ತೆಗೆದರು. ಹೊರಗೆ ಖಾಲಿ ಬೀದಿ. ಅವರನ್ನು ಕೂರಿಸಿ ಕೊಳವೆ ಸಿಕ್ಕಿಸಿದೆ. ಉಸಿರು ಒಂದು ಹದಕ್ಕೆ ಬಂದ ಮೇಲೆ ಅವರೇ ಬಿಡಿಸಿ ಹೇಳಿದರು. ಬಯಲಿನಲ್ಲಿ ಕೊರೆಯುವ ಕೊಳವೆಯೊಂದು ಸಂಜೆ ಹೊತ್ತಿಗೆ ಪೂರ್ತಿ ಇಳಿಯುತ್ತದೆ, ಆಗ ಯಂತ್ರ ನಿಲ್ಲಿಸುತ್ತಾರೆ. ಹೊಸ ಕೊಳವೆ ಜೋಡಿಸಿ ಎರಡು ಏಟು ಹಾಕಿ ಬಿಗಿ ಮಾಡುತ್ತಾರೆ, ಆಮೇಲೆ ಇನ್ನೊಂದು ಏಟಿಗೆ ಅದನ್ನು ಕೆಳಗೆ ಕೂರಿಸುತ್ತಾರೆ. ಆ ಸದ್ದು ಮಣ್ಣಿನೊಳಗಿನ ನೀರಿನ ಪೈಪು ಹಿಡಿದು ಗೋಡೆಗೆ ಬರುತ್ತದೆ, ಅಷ್ಟೇ. ಹಾಗಾದರೆ ಯಾಕೆ ಎದ್ದಿರಿ ಎಂದು ಕೇಳಿದೆ.

"ಗೊತ್ತು ಕಣಮ್ಮ. ಆದ್ರೂ, ಅವಳೇ ಆಗಿದ್ರೆ?"

ಅವತ್ತಿನಿಂದ ಸಂಜೆಯಾದರೆ ನಾವಿಬ್ಬರೂ ಮಾತು ಕಡಿಮೆ ಮಾಡುತ್ತಿದ್ದೆವು. ನಾನು ಅಂಗಡಿಯನ್ನು ಬೇಗ ಮುಚ್ಚಿ ಬರತೊಡಗಿದೆ. ಬಡಿತ ಕೇಳುವುದು, ಅವರು ಏಳುವುದು, ನಾನು ನೋಡಿಯೂ ನೋಡದ ಹಾಗೆ ಇರುವುದು. ಬಾಗಿಲು ಮುಚ್ಚಿ ಬರುವಾಗ ಅವರ ಮುಖ ಇಳಿದಿರಬೇಕಿತ್ತು, ಇರಲಿಲ್ಲ. ನಿನ್ನನ್ನು ಒಳಗೆ ಕರೆತಂದವರ ಮುಖ ಅದು. ಹೇಳಲು ನಾಚಿಕೆಯಾಗುತ್ತದೆ, ಎರಡನೆಯ ವಾರಕ್ಕೆ ನಾನೂ ನೀನು ಕೂರುತ್ತಿದ್ದ ಕುರ್ಚಿಯ ಮೇಲಿನ ಬಟ್ಟೆಗಳನ್ನು ತೆಗೆದು ಖಾಲಿ ಇಡತೊಡಗಿದೆ.

ಕಂಪನಿಯ ಕಡೆಯವನೊಬ್ಬ ಮನೆಗೆ ಬಂದ. ಕೂರುವ ಮೊದಲು ಕುರ್ಚಿಯನ್ನು ಕರವಸ್ತ್ರದಿಂದ ಒರೆಸಿದ್ದಕ್ಕೆ ನಾನವನಿಗೆ ಕರವಸ್ತ್ರ ಎಂದೇ ಹೆಸರಿಟ್ಟೆ. ಒರೆಸಿದ್ದು ನಿನ್ನ ಕುರ್ಚಿಯನ್ನು. ವಿಚಾರಣೆಗೆ ಬರದೆ ಸುಮ್ಮನಿದ್ದರೆ ಉಸಿರಿನ ಯಂತ್ರದ ಬಿಲ್ಲಿನಲ್ಲಿ ರಿಯಾಯಿತಿ ಕೊಡಿಸುತ್ತೇನೆಂದು ಬೆಣ್ಣೆಯಂಥ ಮಾತಾಡಿದ. ಭಾವ ದುಡಿದದ್ದೂ ಇದೇ ಕಂಪನಿಯ ಯಂತ್ರಗಳ ಮೇಲೆ, ಹಳೆಯ ನಂಟು ಎಂದು ನೆನಪಿಸಿದ. ನೀನಿದ್ದಿದ್ದರೆ ಅವನ ಕರವಸ್ತ್ರವನ್ನೇ ಅವನ ಕೈಗಿಟ್ಟು ಕಳಿಸುತ್ತಿದ್ದೆ. ಭಾವ ಮೂಗಿನ ಕೊಳವೆ ಸರಿಮಾಡಿಕೊಳ್ಳುತ್ತಾ ಕುಳಿತಿದ್ದರು. ಅವನು ಹೋದ ಮೇಲೆ ನಾನು, ರಿಯಾಯಿತಿಯ ಆಸೆ ಬಂತೇ ಎಂದು ಚುಚ್ಚಿ ಕೇಳಿದೆ. ಅವರು ಕಿಟಕಿಯಾಚೆ ಯಂತ್ರದ ತುದಿಯ ಕೆಂಪು ದೀಪ ನೋಡುತ್ತಾ ಹೇಳಿದರು.

"ಅದು ನಿಂತ್ರೆ, ಈ ಬಡಿತಾನೂ ನಿಲ್ಲುತ್ತಲ್ಲಮ್ಮ."

ಮನೆ ಭಾವನ ಹೆಸರಿನಲ್ಲಿದೆ. ಕೈ ಎತ್ತಬೇಕಾದವರು ಅವರೇ. ಅವರು ಎತ್ತುವುದಿಲ್ಲ ಎಂದು ಅವತ್ತು ನನಗೆ ಖಾತ್ರಿಯಾಯಿತು. ಇನ್ನೂ ಹೆದರಿಸಿದ ಸಂಗತಿಯೆಂದರೆ, ಅವರು ಎತ್ತದಿರಲಿ ಎಂದು ನನ್ನ ಮನಸ್ಸಿನ ಮೂಲೆಯೊಂದು ಬೇಡಿಕೊಳ್ಳುತ್ತಿತ್ತು.

ಆದರೂ ವಿಚಾರಣೆಯ ಹಿಂದಿನ ದಿನ ನಿನ್ನ ಬೀಗದ ಕೈ ತೆಗೆದುಕೊಂಡು ಹೊರಟೆ. ನೀನು ಬಿಟ್ಟ ಅರ್ಧ ಬೀದಿಯನ್ನು ಮುಗಿಸೋಣವೆಂದು. ಬೇಕರಿಯ ಮೆಟ್ಟಿಲ ಮೇಲೆ ನಿಂತರೆ ಕೈ ಏಳಲಿಲ್ಲ. ಬಡಿದರೆ ಅವನ ಗತಿ ಏನು, ಬಡಿಯದಿದ್ದರೆ ಯಾರು ತೆಗೆಯುತ್ತಾರೆ. ಅಷ್ಟರಲ್ಲಿ ಬಯಲಿನಿಂದ ಸದ್ದು ಬಂತು. ಎರಡು. ಬಿಡುವು. ಒಂದು. ಬೀದಿಯ ಬಾಗಿಲುಗಳೆಲ್ಲ ಒಟ್ಟಿಗೇ ತೆರೆದುಕೊಂಡವು ಅಕ್ಕ. ಆ ಕೊನೆಯಿಂದ ಈ ಕೊನೆಯವರೆಗೆ. ಟೀಚರಮ್ಮ ಸೌಟು ಹಿಡಿದೇ ಬಂದಿದ್ದರು. ಬೇಕರಿಯವನು ನನ್ನನ್ನಲ್ಲ, ನನ್ನ ಹಿಂದೆ ನೋಡುತ್ತಿದ್ದ. ಒಬ್ಬೊಬ್ಬರೂ ತಮಗೊಬ್ಬರಿಗೇ ಕೇಳುತ್ತದೆ ಅಂದುಕೊಂಡು, ಯಾರಿಗೂ ಬಾಯಿ ಬಿಡದೆ, ದಿನಾ ಸಂಜೆ ಬಾಗಿಲು ತೆಗೆಯುತ್ತಿದ್ದರಂತೆ. ಈಗ ಹೊಸ್ತಿಲುಗಳ ಮೇಲೆ ಸಿಕ್ಕಿಬಿದ್ದವರ ಹಾಗೆ ನಿಂತಿದ್ದರು. ಯಾರೂ ನಗಲಿಲ್ಲ. ಬಾಗಿಲು ತೆಗೆಯದ ಬೀದಿ ಅದು. ನನಗೆ "ನಾಳೆ ಬೆಳಿಗ್ಗೆ ಟೌನ್ ಹಾಲ್" ಅನ್ನುವುದಷ್ಟೇ ಆಯಿತು. ಬೀದಿಯ ನಡುವೆ ನಿಂತು ಒಂದೇ ಸಲ ಹೇಳಿದೆ. ಎಲ್ಲರಿಗೂ ಕೇಳಿಸಿತು.

ಹಾಲಿನಲ್ಲಿ ಭಾವ ಮುಂದಿನ ಸಾಲಿನಲ್ಲಿ ಕುಳಿತರು, ಕಾಲ ಬಳಿ ಉಸಿರಿನ ಸಿಲಿಂಡರು. ಬರುವುದು ಬೇಡವೆಂದರೂ ಬಂದರು. ಅಧಿಕಾರಿ ವಿರೋಧವಿರುವವರು ಕೈ ಎತ್ತಿ ಎಂದಾಗ ಅಲ್ಲೊಂದು ಇಲ್ಲೊಂದು ಕೈ ಎದ್ದು, ಅರ್ಧಕ್ಕೇ ನಿಂತುಹೋಯಿತು. ಎಲ್ಲರ ಕಣ್ಣೂ ಭಾವನ ಬೆನ್ನ ಮೇಲೆ. ನಿನ್ನ ಗಂಡನೇ ಎತ್ತದಿದ್ದರೆ ಉಳಿದವರು ಯಾವ ಮುಖ ಇಟ್ಟುಕೊಂಡು ಎತ್ತುತ್ತಾರೆ? ಪಕ್ಕದಲ್ಲಿ ಕುಳಿತ ನಾನು ಅವರ ಕಡೆ ನೋಡಲಿಲ್ಲ, ನೋಡುವ ಧೈರ್ಯವಿರಲಿಲ್ಲ. ಸಿಲಿಂಡರಿನ ಸುಯ್ಲು ಮಾತ್ರ ಕೇಳುತ್ತಿತ್ತು. ಆಮೇಲೆ ಅವರ ಅಂಗಿಯ ತೋಳು ಸರಿಯುವ ಸದ್ದು. ನಾನೇ ಹೊಲಿದ ಅಂಗಿ ಅದು, ತೋಳು ಸ್ವಲ್ಪ ಉದ್ದವಾಗಿತ್ತು.

"ನಿಲ್ಲಿಸಿಬಿಡಿ ಸಾರ್" ಅಂದರು. ಗಟ್ಟಿಯಾಗಿ ಅಲ್ಲ, ಮಲಗಿರುವವರನ್ನು ಎಬ್ಬಿಸಬಾರದು ಅನ್ನುವ ಹಾಗೆ.

ಅವರ ಹಿಂದೆ ಇಡೀ ಬೀದಿ ಕೈ ಎತ್ತಿತು. ಇದು ನಿನಗೆ ಹೇಳಬೇಕಾಗಿದ್ದ ಸುದ್ದಿ. ನಾವು ಗೆದ್ದೆವು ಅಕ್ಕ. ಯಂತ್ರವನ್ನು ಬಿಚ್ಚಿ ಲಾರಿಗಳಲ್ಲಿ ಹೇರಿಕೊಂಡು ಹೋದರು. ಬಿಲ್ಲು ಇಳಿದಿಲ್ಲ, ಏರಲಿಲ್ಲ ಅಷ್ಟೇ. ಅದಕ್ಕೇ ಬೇಕರಿಯವನು ಎಲ್ಲರಿಗೂ ಬಿಸಿ ಬ್ರೆಡ್ ಹಂಚಿದ. ಅವತ್ತು ಸಂಜೆ ಬೀದಿಯಲ್ಲಿ ಎಷ್ಟು ನಿಶ್ಶಬ್ದವಿತ್ತೆಂದರೆ, ಬ್ರೆಡ್ ಅಗಿಯಲು ಕೂಡ ಜನಕ್ಕೆ ಸಂಕೋಚವಾದಂತಿತ್ತು. ಭಾವ ಬಾಗಿಲಿನ ಕಡೆ ಕುರ್ಚಿ ತಿರುಗಿಸಿಕೊಂಡು ಕುಳಿತೇ ಇದ್ದರು. ಕತ್ತಲಾದ ಮೇಲೆ ಕುರ್ಚಿಯನ್ನು ಮತ್ತೆ ಗೋಡೆಯ ಕಡೆ ತಿರುಗಿಸಿದರು.

ನಿನ್ನೆ ಅಂಗಡಿ ಮುಚ್ಚಿ ಮನೆಗೆ ಬಂದೆ. ನಿನ್ನ ಬೀಗದ ಕೈ ಈಗ ನನ್ನದು. ಬಾಗಿಲ ಮುಂದೆ ಅದನ್ನು ಎತ್ತಿ ಹಿಡಿದು ನಿಂತೆ. ಬಡಿದರೆ ಅವರು ಏಳುತ್ತಾರೆ, ನಾನೆಂದು ಗೊತ್ತಿದ್ದೂ ಏಳುತ್ತಾರೆ, ಏದುಸಿರು ಬಿಡುತ್ತಾ ಬರುತ್ತಾರೆ. ಸತ್ತವಳ ಬಡಿತ ಕದಿಯಲು ನಾನ್ಯಾರು ಅನ್ನಿಸಿ, ಸದ್ದಾಗದಂತೆ ಬೀಗ ತೆಗೆದು ಕಳ್ಳಹೆಜ್ಜೆಯಲ್ಲಿ ಒಳಗೆ ಹೋದೆ. ಭಾವ ಬಾಗಿಲ ಹಿಂದೆಯೇ ನಿಂತಿದ್ದರು. ಕೊಳವೆ ತೆಗೆದಿಟ್ಟು, ಚಪ್ಪಲಿ ಹಾಕಿಕೊಂಡು, ಚಿಲಕದ ಮೇಲೆ ಕೈಯಿಟ್ಟು. ಮೆಟ್ಟಿಲ ಮೇಲೆ ನನ್ನ ಹೆಜ್ಜೆ ನಿಂತದ್ದು ಅವರಿಗೆ ಕೇಳಿಸಿತ್ತು.

"ಬಡೀಬಹುದಿತ್ತಲ್ಲಮ್ಮ" ಅಂದರು.

ಇವತ್ತಿನಿಂದ ಬಡಿಯುತ್ತೇನೆ ಅಕ್ಕ. ಮುನಿಸಿಕೊಳ್ಳಬೇಡ. ಆ ಬಿಡುವು ಮಾತ್ರ ನಿನ್ನಷ್ಟು ಚೆನ್ನಾಗಿ ನನಗೆ ಬರುವುದಿಲ್ಲ, ಮೊದಲಿನಿಂದಲೂ ನನಗೆ ಆತುರ ಜಾಸ್ತಿ. ನೀನು ಹೋದ ಬೀದಿಯಲ್ಲಿ ಯಾರ ಮನೆಯೂ ಮುಚ್ಚಿರದಿರಲಿ, ನಿನ್ನ ಮೂರನೆಯ ಬಡಿತಕ್ಕೆ ಮೊದಲೇ ಯಾರಾದರೂ ಬಂದು ಬಾಗಿಲು ತೆಗೆಯಲಿ. ನಾನಿನ್ನು ಹೊರಡಬೇಕು, ಭಾವ ಕಾಯುತ್ತಿರುತ್ತಾರೆ.

ಎಲ್ಲಿಗೆ ಹೋದರೂ ನಿನ್ನ ಹಿಂದೆಯೇ ಬರುತ್ತಿದ್ದ,
ಈ ಸಲ ಮಾತ್ರ ಇಲ್ಲೇ ಉಳಿದ
ನಿನ್ನ ಬಾಲ