ಅಕ್ಕನ ಪತ್ರದಲ್ಲಿ ಒಂದು ಸಾಲು ಜಾಸ್ತಿ

ಮಾರ್ಚ್ ೧೧, ಮಂಗಳವಾರ

ಅಕ್ಕನ ಮಗಳ ಮದುವೆಗೆ ಹೋಗಲು ವೀಸಾ ಬೇಕು. ಬ್ಯಾಂಕಿನ ಕಾಗದ, ಕಿವಿ ಕಾಣುವ ಫೋಟೋ ಎಲ್ಲ ಆಯಿತು. ನನ್ನ ತಲೆ ಕೆಡಿಸಿರುವುದು ಅಕ್ಕ ವೀಸಾ ಏಜೆಂಟನಿಗೆ ಕಳಿಸಿದ ಆಹ್ವಾನ ಪತ್ರ.

‘ಇವನು ನನ್ನ ಪ್ರೀತಿಯ ತಮ್ಮ. ನನ್ನ ಮನೆಯಲ್ಲೇ ಇರುತ್ತಾನೆ. ಇವನ ಪೂರ್ತಿ ಜವಾಬ್ದಾರಿ ನನ್ನದು.’

ಮುಂದೆ ಹೋಗದೆ ಆ ಮೂರು ಸಾಲನ್ನೇ ಮತ್ತೆ ಓದಿದೆ. ಏಳು ವರ್ಷದಿಂದ ಮಾತು ಬಿಟ್ಟವಳು ಇದನ್ನು ಬರೆದಳೇ?

ಏಜೆಂಟ್ ನಕ್ಕ. “ಎಲ್ಲರೂ ಹೀಗೇ ಬರೀತಾರೆ ಸಾರ್. ನಾವೇ ಕಳಿಸೋ ಮಾದರಿ ಅದು.” ಇನ್ನೊಂದು ಫೈಲು ತೆರೆದು ತೋರಿಸಿದ. ಯಾರದೋ ಚಿಕ್ಕಪ್ಪನ ಮೇಲೂ ಅದೇ ಪ್ರೀತಿ, ಅದೇ ಜವಾಬ್ದಾರಿ. ನನ್ನ ಮುಖ ಸಣ್ಣಗಾಯಿತು.

ಫಾರಂ ಬೇರೆ ಕೇಳುತ್ತದೆ: ಕರೆದವರನ್ನು ಕೊನೆಯ ಸಲ ಕಂಡದ್ದು ಯಾವಾಗ? ಅವಳ ಸೂಟ್‌ಕೇಸನ್ನು ನಾನೇ ಬಾಗಿಲಾಚೆ ಇಟ್ಟ ದಿನ. ತಾರೀಖು ಮಾತ್ರ ಬರೆದೆ.

ಅಷ್ಟರಲ್ಲಿ ಏಜೆಂಟನ ಪೆನ್ಸಿಲ್ ಪತ್ರದ ಕೊನೆಗೆ ನಿಂತಿತು. “ಇದೊಂದು ಸಾಲು ನಮ್ದಲ್ಲ. ತೆಗೆದು ಕಳ್ಸೋಕೆ ಹೇಳಿ ಸಾರ್, ಆಫೀಸರಿಗೆ ಯಾಕಿದೆಲ್ಲ?”

‘ಇವನಿಗೆ ಕತ್ತಲೆಯಲ್ಲಿ ನಿದ್ದೆ ಬರುವುದಿಲ್ಲ, ಹಜಾರದ ದೀಪವನ್ನು ನಾನು ಆರಿಸುವುದಿಲ್ಲ.’

“ಇರ್ಲಿ ಬಿಡಪ್ಪ” ಎಂದೆ.

ಆದರೆ ಅದು ನಾನು ಆರು ವರ್ಷದವನಿದ್ದಾಗಿನ ಮಾತು. ಈಗ ಬೆಳಕಿದ್ದರೆ ನನಗೆ ರೆಪ್ಪೆ ಅಂಟುವುದಿಲ್ಲ. ಮಾದರಿಯ ಮೂರು ಸಾಲು ನಿಜವೋ ಸುಳ್ಳೋ ತಿಳಿಯದು. ಅವಳೇ ಬರೆದ ಒಂದೇ ಒಂದು ಸಾಲು ಸುಳ್ಳು. ಸುಳ್ಳು ಮಾಹಿತಿ ಕೊಟ್ಟರೆ ವೀಸಾ ರದ್ದು ಎಂದು ಫಾರಂನ ಕೆಳಗೇ ಅಚ್ಚಾಗಿದೆ.

ಮದುವೆಗೆ ಇನ್ನೂ ಎರಡು ತಿಂಗಳಿದೆ. ದೀಪ ಹಾಕಿಕೊಂಡು ಮಲಗುವುದನ್ನು ಇವತ್ತಿನಿಂದಲೇ ರೂಢಿ ಮಾಡಿಕೊಳ್ಳಬೇಕು.